ಒಂದೇ ಕಲ್ಲಿನ ಪದರ, ನಡುವೆ ಗಡಿ

ಶಹಾಬಾದಿನ ಫರಸಿಯೂ ತಾಂಡೂರಿನ ಹಾಸುಗಲ್ಲೂ ಭೀಮಾ ಕಣಿವೆಯ ಒಂದೇ ಸುಣ್ಣಕಲ್ಲಿನ ಪಟ್ಟಿಯವು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಗುಲಬರ್ಗಾ (ಈಗ ಕಲಬುರಗಿ) ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಟ್ಟಿತು. ಸೇಡಂ, ಚಿಂಚೋಳಿ ಮೈಸೂರಿಗೆ ಬಂದವು.

ಗಡಿ ಈ ಸೀಮೆಗೆ ಹೊಸದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಆದರೆ ಹಳಿ ಕೂಡಿದರೆ ಸಾಲದು. ಮುಂಬಯಿ ಬಂದರಿನಲ್ಲಿ ಸುಂಕ ತೆತ್ತು ಬಂದ ಸರಕಿಗೆ ನಿಜಾಮರ ಸುಂಕದವರಾದ ಕರೋಡಗಿರಿಯವರಿಗೆ ಮತ್ತೆ ತೆರಬೇಕಿತ್ತು; 1802ರ ವಾಣಿಜ್ಯ ಒಪ್ಪಂದ ಅದನ್ನು ಶೇ. 5ಕ್ಕೆ ಕಟ್ಟಿಹಾಕಿತ್ತು. ನಾಣ್ಯವೂ ಬೇರೆ: ಬ್ರಿಟಿಷರ ಆರು ಕಲ್ದಾರ ರೂಪಾಯಿಗೆ ನಿಜಾಮರ ಏಳು ಹಾಲಿ ಸಿಕ್ಕಾ.

1950ರಲ್ಲಿ ಸಂವಿಧಾನದ 301ನೇ ವಿಧಿ ದೇಶದೊಳಗಿನ ವ್ಯಾಪಾರ ಮುಕ್ತವೆಂದು ಸಾರಿತು. ಹೈದರಾಬಾದಿನಂಥ ರಾಜ್ಯಗಳಿಗೆ ಒಳಸುಂಕದ ರಿಯಾಯಿತಿ ಕೊಟ್ಟಿದ್ದ 306ನೇ ವಿಧಿ 1956ರಲ್ಲಿ ಹೋಯಿತು. ಮುಕ್ತವೆಂದರೆ ಎಷ್ಟು ಮುಕ್ತ ಎಂಬ ವ್ಯಾಜ್ಯ ಮಾತ್ರ 1960ರ ಅಸ್ಸಾಂ ಚಹಾ ಪ್ರಕರಣದಿಂದ ಶುರುವಾಗಿ 2016ರ ಜಿಂದಾಲ್ ತೀರ್ಪಿನವರೆಗೂ ಎಳೆಯಿತು. ಹೊರರಾಜ್ಯದ ಸರಕಿಗೆ ತಾರತಮ್ಯ ಮಾಡದ ತೆರಿಗೆ ಈ ವಿಧಿಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತು.

ಇದೇ ಸುಣ್ಣಕಲ್ಲಿನಿಂದಾಗುವ ಸಿಮೆಂಟಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ವಾಡಿಯ ಎಸಿಸಿ ಕಾರ್ಖಾನೆ ಆರಂಭವಾದ 1960ರ ದಶಕದ ಕೊನೆಯಲ್ಲಿ ಸಿಮೆಂಟಿನ ಬೆಲೆ ಸರ್ಕಾರದ ಕೈಲಿತ್ತು, ಸಾಗಣೆ ವೆಚ್ಚವನ್ನು ದೇಶದ ಮೇಲೆಲ್ಲ ಹಂಚಲಾಗುತ್ತಿತ್ತು. ಕಾರ್ಖಾನೆಯ ಧೂಳು ಕುಡಿಯುವ ಊರಿನವನಿಗೂ ನೂರಾರು ಮೈಲಿ ದೂರದವನಿಗೂ ಒಂದೇ ದರ! 1982ರಲ್ಲಿ ನಿಯಂತ್ರಣ ಅರ್ಧ ಸಡಿಲಿ, 1989ರಲ್ಲಿ ಪೂರ್ತಿ ಹೋಯಿತು. ಮಳಖೇಡ ಮತ್ತು ಸೇಡಂನ ದೊಡ್ಡ ಕಾರ್ಖಾನೆಗಳು ಎದ್ದದ್ದು ಆ ದಶಕದಲ್ಲೇ. ಆಗ ಗಡಿ ದಾಟುವ ಚೀಲದ ಮೇಲಿನ ಕೇಂದ್ರೀಯ ಮಾರಾಟ ತೆರಿಗೆ, ಒಂದು ಕಾಲಕ್ಕೆ ಶೇ. 4, ಉತ್ಪಾದಿಸುವ ರಾಜ್ಯಕ್ಕೇ ಸೇರುತ್ತಿತ್ತು. 2017ರ ಜಿಎಸ್‌ಟಿ ಇದನ್ನು ತಿರುಗಿಸಿತು. ರಾಜ್ಯದ ಪಾಲು ಈಗ ಸಿಮೆಂಟು ಬಳಕೆಯಾಗುವ ಕಡೆಗೆ ಹೋಗುತ್ತದೆ. ವ್ಯಾಪಾರಿಗೆ ಇದು ಹಗುರ. ಕಲ್ಲು ಅಗೆಸಿಕೊಂಡ ನಾಡಿಗೆ ಉಳಿದದ್ದು ಗುಂಡಿ ಮತ್ತು ರಾಯಧನ. ರಾಯಧನ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ರಾಜ್ಯ ಬೇರೆಯಾಗಿ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದ್ದು ಅದಕ್ಕೇ ಇಲ್ಲಿ ಮುಖ್ಯ.

ಇದೇ ನೆಲದಲ್ಲಿ ಬೆಳೆಯುವ ತೊಗರಿಯ ಗಡಿಯಂತೂ ಆಫ್ರಿಕಾದವರೆಗೆ ಚಾಚಿದೆ. 2016ರಲ್ಲಿ ಭಾರತ ಮೊಜಾಂಬಿಕ್ ಜತೆ ಬೇಳೆಕಾಳು ಖರೀದಿಯ ಒಪ್ಪಂದ ಮಾಡಿಕೊಂಡಿತು. ಆ ವರ್ಷದ ಭಾರಿ ಬೆಳೆಯಿಂದ ದರ ಕುಸಿದ ಮೇಲೆ, 2017ರ ಆಗಸ್ಟ್‌ನಲ್ಲಿ, ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಬಂತು. 2021ರ ಮೇನಲ್ಲಿ ಬಾಗಿಲು ಮತ್ತೆ ತೆರೆಯಿತು. 2019ರಲ್ಲಿ ಕಲಬುರಗಿ ತೊಗರಿಗೆ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಹೆಸರನ್ನು ಕಾಯುತ್ತದೆ, ದರವನ್ನಲ್ಲ. ಚಿತ್ತಾಪುರದ ರೈತ ಬಿತ್ತುವುದು ಜೂನ್‌ನಲ್ಲಿ, ಮಾರುವುದು ಜನವರಿಯಲ್ಲಿ. ಆಮದಿನ ಆದೇಶವನ್ನು ಕೇಂದ್ರ ಮುಂಗಾರಿಗೆ ಮುಂಚೆಯೇ ಹೊರಡಿಸಲಿ, ರಾಶಿ ಗಂಜ್ ಮಾರುಕಟ್ಟೆಗೆ ಬಂದು ಮಾರಾಟ ಮುಗಿಯುವವರೆಗೆ ಬದಲಿಸದಿರಲಿ.