ಹುಲ್ಲುಹಾಸಿಗೆ ನೆಲ ಸಿದ್ಧತೆ

ಹುಲ್ಲುಹಾಸಿಗೆ ನೆಲ ಸಿದ್ಧತೆ ಎಂದರೆ ಬೇರು ಮತ್ತು ತೆಳುವಾದ ಮಣ್ಣಿನ ಪದರದೊಡನೆ ಕತ್ತರಿಸಿ ತಂದ ಹುಲ್ಲಿನ ಹಾಳೆಗಳನ್ನು ಹಾಸುವ ಮೊದಲು ಮಣ್ಣನ್ನು ಸ್ವಚ್ಛಗೊಳಿಸಿ, ಸಡಿಲಿಸಿ, ಗೊಬ್ಬರ ಬೆರೆಸಿ, ಮಟ್ಟ ಮಾಡುವ ಕ್ರಿಯೆ. ಹಾಳೆಯೊಡನೆ ಬರುವ ಮಣ್ಣು ತೀರ ತೆಳುವಾಗಿರುವುದರಿಂದ, ಬೇರುಗಳು ಕೆಳಗಿನ ನೆಲಕ್ಕೆ ಇಳಿದರೆ ಮಾತ್ರ ಹುಲ್ಲು ಬಾಳುತ್ತದೆ. ಹಾಸಿದ ನಂತರ ನೆಲದ ದೋಷವನ್ನು ಸರಿಪಡಿಸಬೇಕಾದರೆ ಹುಲ್ಲನ್ನೇ ಕೀಳಬೇಕಾಗುತ್ತದೆ.

ಮಣ್ಣಿನ ಸ್ವರೂಪ

ಬೆಂಗಳೂರಿನ ಪಶ್ಚಿಮ ಭಾಗದ ನಾಗರಬಾವಿ ಹಾಗೂ ಸುತ್ತಲಿನ ಬಡಾವಣೆಗಳಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಶಿಥಿಲಗೊಂಡು ಉಂಟಾದ ಕೆಂಪು ಮಣ್ಣಿದೆ. ಇದರಲ್ಲಿ ಸಾವಯವ ಅಂಶ ಮತ್ತು ಸಾರಜನಕ ಕಡಿಮೆ, ಒಣಗಿದಾಗ ಗಟ್ಟಿಯಾಗುತ್ತದೆ. ಮನೆ ಕಟ್ಟಿದ ನಿವೇಶನಗಳಲ್ಲಿ ಮೇಲ್ಮಣ್ಣಿನ ಮೇಲೆ ಪಾಯದಿಂದ ತೆಗೆದ ಮಣ್ಣು, ಇಟ್ಟಿಗೆ ಚೂರು, ಜಲ್ಲಿ ಮತ್ತು ಗಾರೆ ಸೇರಿರುತ್ತವೆ. ಸಿಮೆಂಟಿನ ಸುಣ್ಣದ ಅಂಶವು ಮಣ್ಣನ್ನು ಕ್ಷಾರೀಯಗೊಳಿಸುತ್ತದೆ. ಆಗ ಕಬ್ಬಿಣದ ಅಂಶವನ್ನು ಹೀರಲಾಗದೆ ಹುಲ್ಲು ಹಳದಿಗಟ್ಟುತ್ತದೆ. ಇಂತಹ ನಿವೇಶನಗಳಲ್ಲಿ ಮಣ್ಣು ಪರೀಕ್ಷೆ ಉಪಯುಕ್ತ. ಹುಲ್ಲುಹಾಸಿಗೆ 6ರಿಂದ 7ರ ನಡುವಿನ ಪಿಎಚ್ ಸೂಕ್ತ.

ಹಂತಗಳು

* ಶುದ್ಧೀಕರಣ: ಕಟ್ಟಡದ ಅವಶೇಷಗಳನ್ನು ಮಣ್ಣಿನಲ್ಲಿ ಹೂಳದೆ ಹೊರಸಾಗಿಸಬೇಕು.
* ಅಗೆತ: ಸುಮಾರು 15ರಿಂದ 20 ಸೆಂಟಿಮೀಟರ್ ಆಳಕ್ಕೆ ಅಗೆದು ಹೆಂಟೆಗಳನ್ನು ಒಡೆಯಬೇಕು. ಕೆಸರಾದ ಮಣ್ಣನ್ನು ಅಗೆದರೆ ಅದರ ರಚನೆ ಕೆಡುತ್ತದೆ.
* ಕಳೆ ನಿವಾರಣೆ: ಅಗೆದ ನೆಲಕ್ಕೆ ನೀರುಣಿಸಿ ಎರಡು–ಮೂರು ವಾರ ಬಿಟ್ಟು, ಮೊಳೆತ ಕಳೆಗಳನ್ನು ಕೀಳಬೇಕು. ಕೊನ್ನಾರಿಯನ್ನು ಗೆಡ್ಡೆಸಹಿತ ತೆಗೆಯದಿದ್ದರೆ ಅದು ಹಾಸಿದ ಹುಲ್ಲನ್ನೂ ಸೀಳಿಕೊಂಡು ಮೇಲೇಳುತ್ತದೆ.
* ಗೊಬ್ಬರ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟನ್ನು ಅಗೆದ ಆಳದವರೆಗೂ ಬೆರೆಸಬೇಕು. ಹಸಿ ಗೊಬ್ಬರದಿಂದ ಕಳೆಬೀಜಗಳೂ ಗೊಣ್ಣೆಹುಳುಗಳೂ ಬರುವ ಸಂಭವವಿದೆ.
* ಮಟ್ಟ: ಗೋಡೆಯಿಂದ ಹೊರಮುಖವಾಗಿ ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಜಾರು ಇರಬೇಕು. ಹಾಳೆಯ ದಪ್ಪಕ್ಕೆ ಅನುಗುಣವಾಗಿ ನೆಲವು ಕಾಲುದಾರಿಗಿಂತ ತಗ್ಗಿನಲ್ಲಿರಬೇಕು.
* ಉರುಳೆ: ಹಗುರವಾದ ಉರುಳೆ ಎಳೆದು, ತಗ್ಗುಗಳನ್ನು ತುಂಬಿ, ಮೇಲ್ಪದರವನ್ನು ಕುಂಟೆಯಿಂದ ಕೆದಕಬೇಕು. ನಡೆದಾಗ ಹೆಜ್ಜೆ ಆಳವಾಗಿ ಹೂತುಹೋಗದಿದ್ದರೆ ನೆಲ ಸಿದ್ಧವಾಗಿದೆ ಎಂದು ತಿಳಿಯಬಹುದು.

ಕಾಲ ಮತ್ತು ನೀರು

ಬೆಂಗಳೂರಿನಲ್ಲಿ ಮೇ ತಿಂಗಳ ಮುಂಗಾರುಪೂರ್ವ ಮಳೆಯಿಂದ ನೆಲ ಹದಗೊಂಡಾಗ ಅಗೆದು, ಜೂನ್‌ನಲ್ಲಿ ಹುಲ್ಲು ಹಾಸುವುದು ಅನುಕೂಲಕರ. ಹಾಸಿದ ಮೊದಲ ಎರಡು ವಾರ ಹಾಳೆ ಒಣಗಬಾರದಾದ್ದರಿಂದ ಬೇಸಿಗೆಯಲ್ಲಿ ಹೆಚ್ಚು ನೀರು ಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಉಂಟಾದಾಗ ಬೆಂಗಳೂರು ಜಲಮಂಡಳಿಯು ತೋಟಗಾರಿಕೆಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ನಿಗದಿಪಡಿಸಿತ್ತು. ಆಳಕ್ಕೆ ಸಡಿಲಗೊಳಿಸಿ ಸಾವಯವ ಅಂಶ ಬೆರೆಸಿದ ಮಣ್ಣು ಮಳೆನೀರನ್ನು ಹೆಚ್ಚು ಹಿಡಿದಿಡುತ್ತದೆ. ಅಂತಹ ನೆಲದಲ್ಲಿ ಬೇರು ಆಳಕ್ಕಿಳಿಯುವ ಗರಿಕೆಯ ಹುಲ್ಲುಹಾಸು ನೀರು ಕಡಿಮೆಯಾದ ದಿನಗಳನ್ನು ತಾಳಿಕೊಳ್ಳಬಲ್ಲದು. ಆದರೆ ಅದಕ್ಕೆ ಪೂರ್ಣ ಬಿಸಿಲು ಅಗತ್ಯ.