ಖಂಡಸ್ಫುಟಿತಕ್ಕೊಂದು ದತ್ತಿ

ಬಸದಿಗಳ ದಾನಶಾಸನಗಳಲ್ಲಿ ದೇವರ ಪೂಜೆ, ಋಷಿಯರ ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಬರಿಯ ಸೂತ್ರವಾಕ್ಯವೆಂದು ಇದನ್ನು ದಾಟಿಹೋಗುವುದು ಸಲ್ಲದು. ಗೋಡೆ ಎಂದಾದರೊಮ್ಮೆ ಬಿರಿಯುವುದೆಂದು ಕಟ್ಟಿಸುವಾಗಲೇ ಅರಿತವರ ಮಾತಿದು. ಅದಕ್ಕೆಂದೇ ಭೂಮಿಯನ್ನೂ ಬಿಟ್ಟರು. 12ನೆಯ ಶತಮಾನದಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಉದ್ಧರಿಸಿದ ಕೀರ್ತಿಯೂ ಸಂದಿತು.

ಗೋಡೆಗೆ ಬಳಿಯುತ್ತಿದ್ದ ಸುಧೆಯೆಂದರೆ ಸುಣ್ಣದ ಗಾರೆ. ಬಿರುಕನ್ನು ಕೆದಕಿ, ಸಡಿಲ ಪುಡಿ ತೆಗೆದು, ನೀರುಣಿಸಿ, ಗಾರೆ ತುಂಬಿ, ಕೆಲದಿನ ತೇವ ಆರದಂತೆ ಕಾಯಬೇಕು. ಈಗ ಅಲ್ಲಿಗೆ ಸಿಮೆಂಟು ಮೆತ್ತುವುದುಂಟು. ಸುಣ್ಣ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಸುಲಭವಾಗಿ ಬಿಡದು. ಒಳಗೆ ಸಿಲುಕಿದ ನೀರಿನ ಲವಣ ಹರಳುಗಟ್ಟಿ, ಅಕ್ಕಪಕ್ಕದ ಹಳೆಯ ಗಾರೆಯನ್ನೇ ಒಡೆಯುತ್ತದೆ.