ಅಜ್ಜಿಯ ಪಾಲು

ನಮ್ಮ ದಾದಿ ತೀರಿಕೊಂಡದ್ದು ಮಳೆಗಾಲ ಹಿಡಿಯುವ ಹೊತ್ತಿಗೆ. ಗುಡವಿಯ ಕೆರೆಗೆ ಬೆಳ್ಳಕ್ಕಿ, ನೀರುಕಾಗೆಗಳು ಬಂದು ಗೂಡು ಕಟ್ಟುವ ಕಾಲವದು. ದಫನ ಮುಗಿಸಿ ಬಂದ ಸಂಜೆ, ಹೆಸರು ಕೆತ್ತಿಸಿದ ಕಲ್ಲೊಂದನ್ನು ಸಮಾಧಿಯ ಬಳಿ ನಿಲ್ಲಿಸೋಣ ಎಂದು ಮೊಮ್ಮಕ್ಕಳಲ್ಲೊಬ್ಬ ಹೇಳಿದ. ಹಿರಿಯರು ಒಪ್ಪಲಿಲ್ಲ. “ಮಣ್ಣು ಸಾಕು. ದುಆ ಮಾಡಿ” ಎಂದರು. ಅವರ ಮಾತು ಸರಿಯೇ. ಆದರೂ ಈ ನೆಲ ತನ್ನ ಹೆಂಗಸರನ್ನು ಹೇಗೆ ನೆನಪಿಟ್ಟುಕೊಂಡಿದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಸೊರಬ, ಶಿಕಾರಿಪುರಗಳದ್ದು ಕಲ್ಲುಗಳ ಸೀಮೆ. ಊರು, ದನಕರು ಕಾಯುತ್ತ ಮಡಿದ ಗಂಡಸಿಗೆ ವೀರಗಲ್ಲು. ಗಂಡನೊಡನೆ ಪ್ರಾಣ ಬಿಟ್ಟ ಹೆಂಗಸಿಗೆ ಮಾಸ್ತಿಗಲ್ಲು. ಅಂದರೆ ಹೆಂಗಸಿಗೆ ಹೆಚ್ಚಾಗಿ ಕಲ್ಲು ಸಿಕ್ಕಿದ್ದು ಅವಳು ಸತ್ತ ಬಗೆಗಾಗಿ, ಬಾಳಿದ ಬಗೆಗಾಗಿ ಅಲ್ಲ.

ಇದಕ್ಕೊಂದು ಅಪವಾದ ಶಿಕಾರಿಪುರ ತಾಲೂಕಿನ ಬಂದಳಿಕೆಯಲ್ಲಿದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಆ ಶಾಸನ ಸೇರಿದೆ. 10ನೆಯ ಶತಮಾನದ ಮೊದಲ ಭಾಗ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅವನ ಅಧಿಕಾರ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಹೆಣ್ಣಾಗಿದ್ದೂ ಆಕೆ ನಾಡನ್ನು ಚೆನ್ನಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಕಾಯಿಲೆ ಹತ್ತಿ, ಇನ್ನು ತನ್ನ ಕಾಲ ಮುಗಿಯಿತೆಂದು ತಿಳಿದಾಗ ಆಕೆ ಮಗಳನ್ನು ಕರೆದು ಹೊಣೆಯನ್ನು ಒಪ್ಪಿಸಿದಳು. ಬಳಿಕ ಬಂದಳಿಕೆಯ ಬಸದಿಯಲ್ಲಿ ಜೈನ ವ್ರತ ಹಿಡಿದು ದೇಹ ಬಿಟ್ಟಳು. ಸಾವಿನ ಮುಂದೆ ಆಕೆ ಮಾಡಿದ ಕೊನೆಯ ಲೌಕಿಕ ಕೆಲಸವೆಂದರೆ ಮಗಳಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ್ದು.

ಇಸ್ಲಾಮಿನ ಇತಿಹಾಸದಲ್ಲೂ ಹೆಸರು ಗೊತ್ತಿಲ್ಲದ ಒಬ್ಬ ಅಜ್ಜಿಯಿದ್ದಾಳೆ. ಪ್ರಥಮ ಖಲೀಫಾ ಅಬೂಬಕರ್(ರ)ರ ಆಳ್ವಿಕೆ, ಅಂದರೆ ಕ್ರಿ.ಶ. 632ರಿಂದ 634ರ ನಡುವಿನ ಮಾತು. ಆಕೆ ನೇರವಾಗಿ ಖಲೀಫರ ಮುಂದೆ ಬಂದು ಮೊಮ್ಮಗನ ಆಸ್ತಿಯಲ್ಲಿ ತನ್ನ ಪಾಲು ಕೇಳಿದಳು. ಕುರ್‌ಆನಿನಲ್ಲಿ ಅಜ್ಜಿಯ ಪಾಲಿನ ಉಲ್ಲೇಖ ತನಗೆ ಕಂಡಿಲ್ಲ, ವಿಚಾರಿಸುತ್ತೇನೆ ಎಂದರು ಖಲೀಫರು. ಪ್ರವಾದಿ(ಸ)ಯವರು ಅಜ್ಜಿಗೆ ಆರನೆಯ ಒಂದು ಪಾಲು ಕೊಟ್ಟದ್ದನ್ನು ಕಂಡಿರುವುದಾಗಿ ಮುಗೀರಾ ಬಿನ್ ಶುಅಬಾ(ರ) ಹೇಳಿದರು. ಇನ್ನೊಬ್ಬ ಸಾಕ್ಷಿ ಬೇಕೆಂದಾಗ ಮುಹಮ್ಮದ್ ಬಿನ್ ಮಸ್ಲಮಾ(ರ) ಅದನ್ನೇ ನುಡಿದರು. ಪಾಲು ಅಜ್ಜಿಗೆ ಸಂದಿತು. ಒಬ್ಬ ಮುದುಕಿ ಕೇಳಿದಳೆಂದು ರಾಜ್ಯದ ಮುಖ್ಯಸ್ಥನೇ ಸಾಕ್ಷಿ ಹುಡುಕಿದ. ಈ ಪ್ರಸಂಗವನ್ನು ಹದೀಸ್ ಸಂಗ್ರಹಗಳು ಇಂದಿಗೂ ಉಳಿಸಿಕೊಂಡಿವೆ.

ಈಗ ನಮ್ಮ ಮನೆಯ ಮಾತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ದಾದಾ ಉಳುತ್ತಿದ್ದ ಗೇಣಿ ಗದ್ದೆ ಅವರದಾಯಿತು. ನಾಟಿ, ಕಳೆ, ಒಕ್ಕಣೆಗಳಲ್ಲಿ ದಾದಿಯ ದುಡಿಮೆ ಅವರದಕ್ಕಿಂತ ಕಡಿಮೆಯಿರಲಿಲ್ಲ. ಪಹಣಿಯಲ್ಲಿ ಮಾತ್ರ ಹೆಸರು ದಾದಾರದ್ದು. ಅವರು ತೀರಿಕೊಂಡ ಮೇಲೆ ಗಂಡುಮಕ್ಕಳ ಹೆಸರಿಗೆ ಖಾತೆಯಾಯಿತು. ಹಕ್ಕು ಬಿಡುಗಡೆ ಪತ್ರಕ್ಕೆ ದಾದಿಯೂ ಸೋದರತ್ತೆಯೂ ಹೆಬ್ಬೆಟ್ಟು ಒತ್ತಿದರು. ಯಾರೂ ಗದರಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು, ಮಗಳಿಗೆ ಮಗನ ಪಾಲಿನ ಅರ್ಧ ಎಂದು ಅನ್ನಿಸಾ ಅಧ್ಯಾಯ ಲೆಕ್ಕ ಹಾಕಿ ಕೊಟ್ಟಿದೆ. ಅದನ್ನು ನಾವು ಮನೆಯಲ್ಲಿ ಓದುತ್ತಿದ್ದೆವು, ತಾಲೂಕು ಕಚೇರಿಯಲ್ಲಿ ಮರೆತೆವು.

ದಾದಿ ಮರೆತಿರಲಿಲ್ಲ. ಪ್ರತಿ ಸುಗ್ಗಿಯಲ್ಲೂ ಒಂದು ಮೂಟೆ ಭತ್ತ ಬೇರೆ ತೆಗೆದಿಟ್ಟು ಅತ್ತೆಯ ಮನೆಗೆ ಕಳಿಸುತ್ತಿದ್ದರು. “ಅಮ್ಮಾ, ನೀನು ಮಗಳಿಗೆ ಎಷ್ಟು ಕೊಡುತ್ತೀ!” ಎಂದು ಚಿಕ್ಕಪ್ಪ ನಕ್ಕಾಗ ಅವರು ನಗಲಿಲ್ಲ. “ಕೊಡೋದಲ್ಲ ಬೇಟಾ, ಅವಳದ್ದು ಅವಳಿಗೆ ಮುಟ್ಟಿಸ್ತಿದೀನಿ” ಎಂದರು. ನಾವು ಅದನ್ನು ತಾಯಿಯ ಮಮತೆ ಎಂದುಕೊಂಡೆವು. ಅದು ಲೆಕ್ಕವಾಗಿತ್ತು.

ಸತ್ತವರಿಗೆ ತಲುಪುವ ಪುಣ್ಯಗಳಲ್ಲಿ ಸಜ್ಜನ ಸಂತಾನದ ಪ್ರಾರ್ಥನೆಯೂ ಒಂದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ಇನ್ನೊಬ್ಬರ ಪಾಲನ್ನು ಕೈಯಲ್ಲಿ ಹಿಡಿದುಕೊಂಡೇ ಆ ಕೈಯನ್ನು ದುಆಗೆ ಎತ್ತುವುದು ಹೇಗೆ? ನಲ್ವತ್ತನೆಯ ದಿನ ಅಪ್ಪ ಪೆಟ್ಟಿಗೆಯಿಂದ ಹಳೆಯ ಪಹಣಿ ತೆಗೆದು ಅತ್ತೆಯ ಮುಂದಿಟ್ಟರು. ಅತ್ತೆ ಬಹಳ ಹೊತ್ತು ಅತ್ತರು. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ, ಮಾತುಕತೆ ನಡೆದಿದೆ.

ದಾದಿಯ ಸಮಾಧಿಯ ಮೇಲೆ ಈಗ ಹುಲ್ಲು ಬೆಳೆದಿದೆ. ಅಲ್ಲಿ ಕಲ್ಲು ಬೇಡ. ಅತ್ತೆಯ ಹೆಸರು ಪಹಣಿಯಲ್ಲಿ ಬಂದರೆ, ಅದೇ ದಾದಿಗೆ ನಾವು ನಿಲ್ಲಿಸುವ ಕಲ್ಲು.